ಡೆಸ್ಕ್‌ಟಾಪ್ ಖಾಲಿ, ಫೈಲ್ ಕಾಣ್ತಿಲ್ಲ: ಸರ್ವರ್ ಪ್ರೊಫೈಲ್ ಲಾಗಿನ್ ತೊಂದರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ತಿಪಟೂರು, ಗುಬ್ಬಿ, ಶಿರಾ ಕಡೆಯ ಕೊಬ್ಬರಿ ಮಂಡಿ, ಆಡಿಟರ್ ಆಫೀಸು, ಅಕ್ಕಿ ಗಿರಣಿಗಳಲ್ಲಿ ವಿಂಡೋಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಮೂಲೆಯಲ್ಲಿ ಒಂದು ಸರ್ವರ್, ಅದಕ್ಕೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸೇರಿಕೊಂಡ ಹತ್ತು ಹದಿನೈದು ಜನ. ನಮ್ಮ ಕಡೆ ಬಹುಪಾಲು ಆಫೀಸುಗಳ ವ್ಯವಸ್ಥೆ ಇಷ್ಟೇ. ಅಲ್ಲಿಂದ ಬರುವ ಫೋನ್‌ಗಳಲ್ಲಿ ನನಗೆ ಜಾಸ್ತಿ ಸಂಕಟ ಆಗುವುದು ಈ ಮಾತು ಕೇಳಿದಾಗ: "ಸಾರ್, ಲಾಗಿನ್ ಆದೆ, ಡೆಸ್ಕ್‌ಟಾಪ್ ಪೂರ್ತಿ ಖಾಲಿ."

ಆ ಹೊತ್ತಿಗೆ ಸಾಮಾನ್ಯವಾಗಿ ಯಾವ ಫೈಲೂ ಹೋಗಿರುವುದಿಲ್ಲ. ಆಮೇಲೆ ಗಾಬರಿಯಲ್ಲಿ ಮಾಡುವ ಕೆಲಸದಿಂದ ಹೋಗುತ್ತದೆ. ಅದನ್ನು ತಪ್ಪಿಸಬೇಕು ಅಂತಲೇ ಇದನ್ನು ಬರೆದಿದ್ದೇನೆ. ಪರದೆಯ ಮೇಲೆ ಇಂಗ್ಲಿಷ್‌ನಲ್ಲಿ ಕಾಣುವ ಹೆಸರುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಕೊಟ್ಟಿದ್ದೇನೆ. ಸರ್ವರ್ 2012 ಆರ್2 ಇಂದ 2022ರವರೆಗೆ ಎಲ್ಲಕ್ಕೂ ಇದು ಹೊಂದುತ್ತದೆ.

ಪ್ರೊಫೈಲ್ ಅಂದರೆ ಏನು? ನನ್ನ ಹೆಸರಿನ ಫೋಲ್ಡರ್ ಅಷ್ಟೇ ಅಲ್ವಾ?

ಫೋಲ್ಡರ್ ಅದರ ಅರ್ಧ ಭಾಗ. ಸಿ ಡ್ರೈವ್‌ನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲಾ ಅಲ್ಲೇ. ಅದೇ ಫೋಲ್ಡರ್‌ನಲ್ಲಿ ‘ಎನ್‌ಟಿಯೂಸರ್.ಡ್ಯಾಟ್’ ಅನ್ನುವ ಅಡಗಿಸಿಟ್ಟ ಫೈಲ್ ಒಂದಿದೆ. ನಿಮ್ಮ ಪ್ರಿಂಟರ್, ಭಾಷೆ, ವಾಲ್‌ಪೇಪರ್, ಬಹಳಷ್ಟು ಸಾಫ್ಟ್‌ವೇರ್‌ಗಳ ಸೆಟ್ಟಿಂಗ್ ಅದರೊಳಗೆ. ನೀವು ಲಾಗಿನ್ ಆದ ತಕ್ಷಣ ಯೂಸರ್ ಪ್ರೊಫೈಲ್ ಸರ್ವಿಸ್ ಈ ಫೈಲನ್ನು ತೆರೆದು ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲಾ ಬರೆದಿಟ್ಟುಕೊಳ್ಳುವ ಜಾಗಕ್ಕೆ, ಸೇರಿಸುತ್ತದೆ.

ಇನ್ನರ್ಧ ರಿಜಿಸ್ಟ್ರಿಯಲ್ಲಿದೆ. ‘ಪ್ರೊಫೈಲ್ ಲಿಸ್ಟ್’ ಅನ್ನುವ ಕಡೆ, ಯಾವ ಖಾತೆಗೆ ಯಾವ ಫೋಲ್ಡರ್ ಅಂತ ಬರೆದಿರುತ್ತದೆ. ಫೋಲ್ಡರ್ ಸರಿ ಇದ್ದರೂ ಈ ವಿಳಾಸ ತಪ್ಪಿದರೆ ಸರ್ವರ್‌ಗೆ ನಿಮ್ಮ ಮನೆ ಯಾವುದು ಅಂತ ಗೊತ್ತಾಗುವುದಿಲ್ಲ. ಮುಂದೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು ಕಡೆ ಹುಟ್ಟಿದವು.

ಒಬ್ಬರಿಗೆ ಒಳಗೇ ಬಿಡುತ್ತಿಲ್ಲ, ಇನ್ನೊಬ್ಬರಿಗೆ ಒಳಗೆ ಬಿಟ್ಟು ಖಾಲಿ ಡೆಸ್ಕ್‌ಟಾಪ್ ತೋರಿಸುತ್ತದೆ. ಎರಡೂ ಒಂದೇ ತೊಂದರೆಯಾ?

ಬೇರು ಒಂದೇ ಇರಬಹುದು. ‘ಯೂಸರ್ ಪ್ರೊಫೈಲ್ ಸರ್ವಿಸ್ ಫೇಲ್ಡ್ ದ ಸೈನ್-ಇನ್’ ಅಂತ ಬಂದು ವಾಪಸ್ ಕಳಿಸಿದರೆ, ಸರ್ವರ್ ಯಾವ ಪ್ರೊಫೈಲನ್ನೂ ಕೊಡಲಾಗದೆ ಕೈಚೆಲ್ಲಿದೆ. ಖಾಲಿ ಡೆಸ್ಕ್‌ಟಾಪ್ ಬಂದರೆ, ನಿಮ್ಮದನ್ನು ತೆರೆಯಲಾಗದೆ ತಾತ್ಕಾಲಿಕವಾಗಿ ಒಂದನ್ನು ಕೊಟ್ಟಿದೆ. ಅದೇ ಟೆಂಪರರಿ ಪ್ರೊಫೈಲ್.

ಮೊದಲನೆಯದರಲ್ಲಿ ಕೆಲಸ ನಿಲ್ಲುತ್ತದೆ, ಫೈಲ್‌ಗೆ ಅಪಾಯ ಇಲ್ಲ. ನಾನು ಹೆದರುವುದು ಎರಡನೆಯದಕ್ಕೆ.

ಟೆಂಪರರಿ ಪ್ರೊಫೈಲ್‌ನಲ್ಲಿ ಕೆಲಸ ಮಾಡಿದರೆ ಏನಾಗುತ್ತದೆ?

ಸೈನ್ ಔಟ್ ಮಾಡಿದ ಕೂಡಲೇ ಅದರಲ್ಲಿ ಉಳಿಸಿದ್ದೆಲ್ಲಾ ಅಳಿಸಿ ಹೋಗುತ್ತದೆ. ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ.

ತಿಪಟೂರಿನ ಒಂದು ಮಂಡಿಯಲ್ಲಿ ಹರಾಜಿನ ದಿನ ಹೀಗಾಯಿತು. ಲೆಕ್ಕ ಬರೆಯುವ ಹೆಣ್ಣುಮಗಳು ಬೆಳಿಗ್ಗೆ ಲಾಗಿನ್ ಆದಾಗ ಪರದೆಯ ಮೂಲೆಯಲ್ಲಿ, ಟೆಂಪರರಿ ಪ್ರೊಫೈಲ್‌ನಲ್ಲಿದ್ದೀರಿ ಅಂತ ಸಣ್ಣ ಸೂಚನೆ ಬಂದಿದೆ. ಹೊರಗೆ ಚೀಲ ಇಳಿಯುತ್ತಿದ್ದವು, ರೈತರು ಕಾಯುತ್ತಿದ್ದರು. ಸೂಚನೆ ಮುಚ್ಚಿ, ಡೆಸ್ಕ್‌ಟಾಪ್ ಮೇಲೆ ಹೊಸ ಎಕ್ಸೆಲ್ ತೆರೆದು ಹೆಸರು, ಚೀಲ, ತೂಕ, ಕ್ವಿಂಟಾಲ್ ದರ ಅಂತ ಒಂದೊಂದೇ ಸಾಲು ಹೊಡೆದಿದ್ದಾರೆ. ಹತ್ತು ನಿಮಿಷಕ್ಕೊಮ್ಮೆ ಸೇವ್ ಕೂಡ ಮಾಡಿದ್ದಾರೆ. ಊಟಕ್ಕೆ ಏಳುವಾಗ, ನಾವೇ ಹೇಳಿಕೊಟ್ಟ ಹಾಗೆ ಸೈನ್ ಔಟ್ ಮಾಡಿದ್ದಾರೆ. ವಾಪಸ್ ಬಂದಾಗ ಫೈಲ್ ಇಲ್ಲ. ನಾನು ಹೋಗುವ ಹೊತ್ತಿಗೆ ತೂಕದ ಚೀಟಿಗಳ ಕಟ್ಟು ಬಿಚ್ಚಿಕೊಂಡು ಮೊದಲಿಂದ ಹೊಡೆಯುತ್ತಾ ಕೂತಿದ್ದರು. ಅವರ ಹಳೆಯ ಫೈಲ್ ಒಂದೂ ಹೋಗಿರಲಿಲ್ಲ, ಸಿ ಡ್ರೈವ್‌ನಲ್ಲಿ ಇದ್ದ ಹಾಗೇ ಇದ್ದವು. ಹೋದದ್ದು ಆ ಬೆಳಗಿನ ಕೆಲಸ. ಅವರು ಯಾವ ತಪ್ಪೂ ಮಾಡಿರಲಿಲ್ಲ.

ಹಾಗಾದರೆ ಆ ಸೂಚನೆ ಕಂಡ ತಕ್ಷಣ ಏನು ಮಾಡಬೇಕು?

ಕೈ ತೆಗೆಯಿರಿ. ಹೊಸದಾಗಿ ಏನೂ ಟೈಪ್ ಮಾಡಬೇಡಿ.

ಆಗಲೇ ಏನಾದರೂ ಉಳಿಸಿದ್ದರೆ, ಸೈನ್ ಔಟ್ ಮಾಡುವ ಮುಂಚೆ ಅದನ್ನು ಡಿ ಡ್ರೈವ್‌ಗೋ, ಎಲ್ಲರೂ ಬಳಸುವ ಶೇರ್ ಫೋಲ್ಡರ್‌ಗೋ, ಪೆನ್‌ಡ್ರೈವ್‌ಗೋ ಕಾಪಿ ಮಾಡಿ. ಕಾಪಿ ಆದ ಫೈಲನ್ನು ಅಲ್ಲಿಂದಲೇ ಒಮ್ಮೆ ತೆರೆದು ನೋಡಿ. ಏನು ಮಾಡಬೇಕು ಅಂತ ತೋಚದಿದ್ದರೆ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯ ಮೇಲಿನ ಇಂಟು ಗುರುತು ಒತ್ತಿ ಮುಚ್ಚಿಬಿಡಿ. ಅದು ಡಿಸ್‌ಕನೆಕ್ಟ್ ಮಾತ್ರ. ಸೆಷನ್ ಸರ್ವರ್‌ನಲ್ಲಿ ಜೀವಂತ ಇರುತ್ತದೆ. ಆದರೆ ಡಿಸ್‌ಕನೆಕ್ಟ್ ಆದ ಸೆಷನ್‌ಗಳನ್ನು ಇಷ್ಟು ನಿಮಿಷಕ್ಕೆ ಮುಗಿಸು ಅಂತ ಕೆಲವು ಸರ್ವರ್‌ಗಳಲ್ಲಿ ಹಾಕಿರುತ್ತಾರೆ, ಹಾಗಾಗಿ ಕೂಡಲೇ ಸರ್ವರ್ ನೋಡುವವರಿಗೆ ಫೋನ್ ಮಾಡಿ. ಅವರು ಅಡ್ಮಿನ್ ಖಾತೆಯಿಂದ ಬಂದು ಯೂಸರ್ಸ್ ಒಳಗಿನ ‘ಟೆಂಪ್’ ಫೋಲ್ಡರ್‌ನಿಂದ ನಿಮ್ಮ ಫೈಲ್ ಎತ್ತಿಡಬಹುದು. ಅದೇ ಹೆಸರಿನ ಮುಂದೆ ಡೊಮೇನ್ (ಆಫೀಸಿನ ಕಂಪ್ಯೂಟರ್, ಖಾತೆಗಳನ್ನೆಲ್ಲಾ ಒಂದೇ ಕಡೆಯಿಂದ ನೋಡಿಕೊಳ್ಳುವ ಗುಂಪು) ಹೆಸರು, 000, 001 ಸೇರಿಕೊಂಡಿದ್ದರೂ ಅದು ಟೆಂಪೇ.

ಸೈನ್ ಔಟ್ ಆಗಿಯೇ ಹೋಗಿದ್ದರೆ? ಅಳಿಸಿದ ಫೈಲ್ ಹುಡುಕುವ ಸಾಧನಗಳಿವೆ, ಆದರೆ ಸರ್ವರ್‌ನ ಸಿ ಡ್ರೈವ್ ಮೇಲೆ ಪ್ರತಿ ಕ್ಷಣ ಏನಾದರೂ ಬರೆಯುತ್ತಲೇ ಇರುತ್ತದೆ. ಸಿಗುವುದು ಕಷ್ಟ.

ನನ್ನ ಹಳೆಯ ಫೈಲ್‌ಗಳು ಇವೆಯಾ ಅಂತ ಹೇಗೆ ಖಾತ್ರಿ ಮಾಡಿಕೊಳ್ಳಲಿ?

ಅಡ್ಮಿನ್ ಖಾತೆಯಿಂದ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಡೆಸ್ಕ್‌ಟಾಪ್. ಹತ್ತರಲ್ಲಿ ಒಂಬತ್ತು ಸಲ ಎಲ್ಲಾ ಅಲ್ಲೇ ಕೂತಿರುತ್ತದೆ ಅನ್ನುವುದು ನನ್ನ ಅನುಭವ. ಮುಂದಿನ ಯಾವ ರಿಪೇರಿಗೂ ಕೈ ಹಾಕುವ ಮುಂಚೆ ಈ ಫೋಲ್ಡರನ್ನು ಪೂರ್ತಿ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಅರ್ಧ ಗಂಟೆ ಹಿಡಿಯಲಿ, ಪರವಾಗಿಲ್ಲ. ಇದನ್ನು ನಾನು ಯಾವತ್ತೂ ಬಿಡುವುದಿಲ್ಲ.

ಕಾರಣ ಎಲ್ಲಿ ಬರೆದಿರುತ್ತದೆ?

ಈವೆಂಟ್ ವ್ಯೂವರ್‌ನಲ್ಲಿ. ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಷನ್ ತೆರೆಯಿರಿ. ಬಳಕೆದಾರರು ಲಾಗಿನ್ ಆದ ನಿಮಿಷಕ್ಕೆ ಹೋಗಿ ‘ಯೂಸರ್ ಪ್ರೊಫೈಲ್ ಸರ್ವಿಸ್’ ಹೆಸರಿನ ಸಾಲುಗಳನ್ನು ನೋಡಿ. ಸುಮ್ನೆ ರಿಜಿಸ್ಟ್ರಿಗೆ ಹಾರುವವರು ಈ ಐದು ನಿಮಿಷ ಉಳಿಸಲು ಹೋಗಿ ಅರ್ಧ ದಿನ ಕಳೆಯುತ್ತಾರೆ.

ಪ್ರತಿ ಸಾಲಿಗೂ ಒಂದು ಈವೆಂಟ್ ಸಂಖ್ಯೆ ಇರುತ್ತದೆ. 1511 ಅಂದರೆ ಪ್ರೊಫೈಲ್ ಸಿಗಲಿಲ್ಲ, ಟೆಂಪರರಿ ಕೊಟ್ಟಿದ್ದೇನೆ ಅಂತ. 1515 ಅಂದರೆ ಹಳೆಯ ಪ್ರೊಫೈಲನ್ನು ಬ್ಯಾಕಪ್ ಅಂತ ಪಕ್ಕಕ್ಕೆ ಎತ್ತಿಟ್ಟಿದ್ದೇನೆ ಅಂತ. ಈ ಎರಡೂ ಪರಿಣಾಮವನ್ನು ಹೇಳುತ್ತವೆ. ಕಾರಣ ಸಾಮಾನ್ಯವಾಗಿ ಅವುಗಳಿಗಿಂತ ಒಂದೆರಡು ಸೆಕೆಂಡ್ ಹಿಂದಿನ ಸಾಲಿನಲ್ಲಿರುತ್ತದೆ. 1508 ಇದ್ದರೆ ಎನ್‌ಟಿಯೂಸರ್.ಡ್ಯಾಟ್ ತೆರೆಯಲು ಆಗಿಲ್ಲ. ಅದರ ‘ಡೀಟೇಲ್’ ಸಾಲನ್ನು ಕಡ್ಡಾಯವಾಗಿ ಓದಿ: ಫೈಲನ್ನು ಬೇರೆ ಪ್ರೋಗ್ರಾಂ ಬಳಸುತ್ತಿದೆ ಅಂತಿದೆಯಾ, ಅನುಮತಿ ಇಲ್ಲ ಅಂತಿದೆಯಾ, ಕೆಟ್ಟಿದೆ ಅಂತಿದೆಯಾ? ಮೂರಕ್ಕೂ ಔಷಧಿ ಬೇರೆ ಬೇರೆ. 1502 ಕೂಡ ಇದರ ಜೊತೆಗಾರ. 1509 ಬಂದರೆ ಯಾವುದೋ ಫೈಲ್ ಕಾಪಿ ಆಗಿಲ್ಲ, ಯಾವುದು ಅಂತ ಅಲ್ಲೇ ಹೆಸರು ಇರುತ್ತದೆ. 1521 ಬಂದರೆ ಬೇರೆ ಸರ್ವರ್‌ನಲ್ಲಿಟ್ಟ ರೋಮಿಂಗ್ ಪ್ರೊಫೈಲ್ ಸಿಕ್ಕಿಲ್ಲ. 1542 ಅಂದರೆ ‘ಯೂಸರ್‌ಕ್ಲಾಸ್.ಡ್ಯಾಟ್’ ಅನ್ನುವ ಎರಡನೇ ಫೈಲ್ ತೆರೆದಿಲ್ಲ, ಆಗ ಸ್ಟಾರ್ಟ್ ಮೆನು ಕೂಡ ಸರಿಯಾಗಿ ಕೆಲಸ ಮಾಡದಿರಬಹುದು.

1530 ಕಂಡು ಹೆದರಬೇಡಿ. ಸೈನ್ ಔಟ್ ಆಗುವಾಗ ಯಾವುದೋ ಪ್ರೋಗ್ರಾಂ ರಿಜಿಸ್ಟ್ರಿ ಬಿಟ್ಟಿರಲಿಲ್ಲ, ಸರ್ವರ್ ಬಿಡಿಸಿದೆ ಅಂತ ಅರ್ಥ. ದಿನಾ ಒಂದೇ ಪ್ರೋಗ್ರಾಂ ಹೆಸರು ಕಾಣುತ್ತಿದ್ದರೆ ಮಾತ್ರ ಅದರ ಬೆನ್ನು ಹತ್ತಿ.

ಪ್ರೊಫೈಲ್ ಲಿಸ್ಟ್‌ನಲ್ಲಿ .ಬಿಎಕೆ ಕೀ ಸರಿ ಮಾಡುವುದು ಹೇಗೆ?

ಎಲ್ಲರೂ ಕೇಳುವುದು ಇದನ್ನೇ, ನಿಧಾನವಾಗಿ ಹೇಳುತ್ತೇನೆ. ಕೀ ಅಂದರೆ ರಿಜಿಸ್ಟ್ರಿಯೊಳಗಿನ ಒಂದು ಫೋಲ್ಡರ್ ಇದ್ದ ಹಾಗೆ. ಸರ್ವರ್ ಪಕ್ಕಕ್ಕೆ ಎತ್ತಿಟ್ಟ ಪ್ರೊಫೈಲ್‌ನ ಕೀ ಹೆಸರಿಗೆ .ಬಿಎಕೆ ಅನ್ನುವ ಬಾಲ ಸೇರಿರುತ್ತದೆ.

ಮೊದಲು ತೊಂದರೆ ಇರುವ ಬಳಕೆದಾರರು ಸೈನ್ ಔಟ್ ಆಗಿರಬೇಕು. ಅವರ ಟೆಂಪ್‌ನಲ್ಲಿದ್ದ ಕೆಲಸ ಕಾಪಿ ಆಗಿದೆ ತಾನೇ? ಆದರೆ ಮುಂದುವರಿಯಿರಿ. ಸಾಧ್ಯವಿದ್ದರೆ ಸರ್ವರ್ ಒಮ್ಮೆ ರೀಸ್ಟಾರ್ಟ್ ಮಾಡಿ. ಹಿಡಿದಿಟ್ಟ ಫೈಲ್‌ಗಳೆಲ್ಲಾ ಬಿಡುತ್ತವೆ. ರೀಸ್ಟಾರ್ಟ್ ಒಂದರಿಂದಲೇ ಸರಿಹೋಗಿದ್ದನ್ನೂ ನೋಡಿದ್ದೇನೆ. ಆಮೇಲೆ ಬೇರೆ ಅಡ್ಮಿನ್ ಖಾತೆಯಿಂದ ಲಾಗಿನ್ ಆಗಿ ರಿಜಿಸ್ಟ್ರಿ ಎಡಿಟರ್ ತೆರೆಯಿರಿ. ದಾರಿ: ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ಪ್ರೊಫೈಲ್ ಲಿಸ್ಟ್. ‘ವಿಂಡೋಸ್’ ಅಂತ ಇನ್ನೊಂದು ಅದರ ಪಕ್ಕದಲ್ಲೇ ಇದೆ, ನಮಗೆ ಬೇಕಾದ್ದು ‘ವಿಂಡೋಸ್ ಎನ್‌ಟಿ’. ಪ್ರೊಫೈಲ್ ಲಿಸ್ಟ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಡಿ ಡ್ರೈವ್‌ನಲ್ಲಿ ಉಳಿಸಿ.

ಎಡಗಡೆ ಎಸ್-1-5-21 ಅಂತ ಶುರುವಾಗುವ ಉದ್ದನೆಯ ಹೆಸರುಗಳು ಕಾಣುತ್ತವೆ. ಇವೇ ಖಾತೆಗಳ ಎಸ್‌ಐಡಿ, ಅಂದರೆ ಪ್ರತಿ ಖಾತೆಯ ಗುರುತಿನ ಸಂಖ್ಯೆ. ಕೊನೆಯ ಸಂಖ್ಯೆ 500 ಆಗಿದ್ದರೆ ಅದು ಮೂಲ ಅಡ್ಮಿನಿಸ್ಟ್ರೇಟರ್. ನಾವು ಮಾಡಿದ ಖಾತೆಗಳಿಗೆ 1000 ಅಥವಾ ಅದರ ಮೇಲಿನ ಸಂಖ್ಯೆ. ಎಸ್-1-5-18, 19, 20 ಅಂತ ಚಿಕ್ಕದಾಗಿ ಇರುವವು ಸರ್ವರ್‌ನ ಸ್ವಂತ ಖಾತೆಗಳು, ಅವನ್ನು ಮುಟ್ಟಲೇಬೇಡಿ. ಒಂದೊಂದನ್ನೇ ಕ್ಲಿಕ್ ಮಾಡಿ ಬಲಗಡೆ ‘ಪ್ರೊಫೈಲ್ ಇಮೇಜ್ ಪಾತ್’ ನೋಡುತ್ತಾ ಹೋದರೆ ಯಾವುದು ಯಾರದ್ದು ಅಂತ ಗೊತ್ತಾಗುತ್ತದೆ.

ಈಗ ಮುಖ್ಯ ಜಾಗ. ಒಂದೇ ಎಸ್‌ಐಡಿ ಎರಡು ಸಲ ಇರುತ್ತದೆ. ಒಂದು 1123 ಅಂತ ಮುಗಿದರೆ, ಅದರ ಕೆಳಗಿನದು 1123.ಬಿಎಕೆ ಅಂತ ಮುಗಿಯುತ್ತದೆ. ಬಾಲ ಇಲ್ಲದ್ದನ್ನು ಕ್ಲಿಕ್ ಮಾಡಿ: ವಿಳಾಸ ಟೆಂಪ್ ಫೋಲ್ಡರ್‌ಗೆ ಹೋಗುತ್ತಿರುತ್ತದೆ. ಬಾಲ ಇರುವುದನ್ನು ಕ್ಲಿಕ್ ಮಾಡಿ: ನಿಮ್ಮ ನಿಜವಾದ ಫೋಲ್ಡರ್. ಬಾಲ ಇಲ್ಲದ್ದಕ್ಕೆ ಕೊನೆಯಲ್ಲಿ ‘.ಓಲ್ಡ್’ ಅಂತ ಸೇರಿಸಿ ಹೆಸರು ಬದಲಿಸಿ. ಆಮೇಲೆ ಬಾಲ ಇರುವುದರಿಂದ ‘.ಬಿಎಕೆ’ ತೆಗೆಯಿರಿ. ಆ ಕೀ ಒಳಗೆ ‘ಸ್ಟೇಟ್’ ಅನ್ನುವ ಮೌಲ್ಯವನ್ನು 0 ಮಾಡಿ. ‘ರೆಫ್‌ಕೌಂಟ್’ ಇದ್ದರೆ ಅದನ್ನೂ 0 ಮಾಡಿ, ಇಲ್ಲದಿದ್ದರೆ ಹೊಸದಾಗಿ ಹುಟ್ಟುಹಾಕುವ ಅಗತ್ಯ ಇಲ್ಲ. ಮುಚ್ಚಿ, ಬಳಕೆದಾರರಿಗೆ ಲಾಗಿನ್ ಆಗಲು ಹೇಳಿ.

.ಬಿಎಕೆ ಇರುವುದು ಒಂದೇ ಇದ್ದರೆ ಬಾಲ ತೆಗೆದು, ಸ್ಟೇಟ್, ರೆಫ್‌ಕೌಂಟ್ ಅನ್ನು ಮೇಲಿನ ಹಾಗೇ 0 ಮಾಡಿ. ಬಾಲವೇ ಇಲ್ಲ, ಒಂದೇ ಕೀ ಇದೆ, ಆದರೆ ವಿಳಾಸ ತಪ್ಪಿದೆ ಅಂದರೆ ವಿಳಾಸ ತಿದ್ದಿ. ‘.ಓಲ್ಡ್’ ಮಾಡಿದ್ದನ್ನು ಅವತ್ತೇ ಅಳಿಸಬೇಡಿ, ಒಂದು ವಾರ ಎಲ್ಲಾ ಸರಿಯಾಗಿ ನಡೆದ ಮೇಲೆ ಅಳಿಸಿ.

ಸರಿ ಮಾಡಿದೆ. ಎರಡು ದಿನಕ್ಕೆ ಮತ್ತೆ ಟೆಂಪ್ ಬಂತು. ಯಾಕೆ?

ಯಾಕೆಂದರೆ .ಬಿಎಕೆ ರೋಗದ ಗುರುತು. ಪ್ರೊಫೈಲ್ ತೆರೆಯಲು ಆಗದೇ ಇದ್ದದ್ದಕ್ಕೆ ಸರ್ವರ್ ಅದನ್ನು ಪಕ್ಕಕ್ಕಿಟ್ಟಿತ್ತು. ತೆರೆಯಲು ಯಾಕೆ ಆಗಲಿಲ್ಲ ಅನ್ನುವುದನ್ನು ಹುಡುಕದೆ ಹೆಸರು ತಿದ್ದಿದರೆ ಮತ್ತೆ ಅದೇ ಆಗುತ್ತದೆ.

ಫೈಲ್ ಕೆಟ್ಟಿದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಬಳಕೆದಾರರು ಸೈನ್ ಔಟ್ ಆಗಿರುವಾಗ ರಿಜಿಸ್ಟ್ರಿ ಎಡಿಟರ್‌ನಲ್ಲಿ ‘ಎಚ್‌ಕೀ ಯೂಸರ್ಸ್’ ಮೇಲೆ ನಿಂತು, ಫೈಲ್ ಮೆನುವಿನಲ್ಲಿ ‘ಲೋಡ್ ಹೈವ್’ ಕೊಟ್ಟು, ಅವರ ಎನ್‌ಟಿಯೂಸರ್.ಡ್ಯಾಟ್ ತೋರಿಸಿ. (ಹೈವ್ ಅಂದರೆ ರಿಜಿಸ್ಟ್ರಿಯ ಒಂದು ಭಾಗ ಇರುವ ಫೈಲ್.) ಏನಾದರೂ ಒಂದು ಹೆಸರು ಕೊಡಿ. ತೆರೆದುಕೊಂಡರೆ ಫೈಲ್ ಚೆನ್ನಾಗಿದೆ. ಅಲ್ಲೇ ಬಲಗಡೆ ಕ್ಲಿಕ್ ಮಾಡಿ ಪರ್ಮಿಷನ್ಸ್ ನೋಡಿ: ಆ ಬಳಕೆದಾರರಿಗೆ, ಸಿಸ್ಟಂಗೆ, ಅಡ್ಮಿನಿಸ್ಟ್ರೇಟರ್ಸ್‌ಗೆ ಫುಲ್ ಕಂಟ್ರೋಲ್ ಇರಬೇಕು. ನೋಡಿ ಮುಗಿದ ಮೇಲೆ ‘ಅನ್‌ಲೋಡ್ ಹೈವ್’ ಮಾಡುವುದನ್ನು ಮರೆಯಬಾರದು. ಮರೆತರೆ ಬಳಕೆದಾರರು ಲಾಗಿನ್ ಆಗುವಾಗ ಫೈಲ್ ನಿಮ್ಮ ಕೈಯಲ್ಲೇ ಸಿಕ್ಕಿಕೊಂಡಿರುತ್ತದೆ. ಆಗ ಮತ್ತೆ 1508, ಮತ್ತೆ ಟೆಂಪ್.

ಬೇರೆ ಯಾವ ಪ್ರೋಗ್ರಾಮೂ ಹಿಡಿದಿಲ್ಲದೆ, ಅನುಮತಿಯೂ ಇದ್ದು ತೆರೆಯದಿದ್ದರೆ ಫೈಲ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಬ್ಯಾಕಪ್‌ನಿಂದಲೋ, ಶ್ಯಾಡೋ ಕಾಪಿ (ವಿಂಡೋಸ್ ಆಗಾಗ ತೆಗೆದಿಡುವ ಹಳೆಯ ಪ್ರತಿ) ಆನ್ ಇದ್ದರೆ ಫೋಲ್ಡರ್‌ನ ‘ಪ್ರೀವಿಯಸ್ ವರ್ಷನ್ಸ್’ನಿಂದಲೋ ನಿನ್ನೆ ಮೊನ್ನೆಯ ಎನ್‌ಟಿಯೂಸರ್.ಡ್ಯಾಟ್ ತಂದು ಹಾಕಬಹುದು. ಡಿಸ್ಕ್ ಕೂಡ ಪರೀಕ್ಷಿಸಿ. ಚೆಕ್‌ಡಿಸ್ಕ್ ತಪ್ಪು ತೋರಿಸಿದರೆ ಪ್ರೊಫೈಲ್ ಬಿಟ್ಟು ಮೊದಲು ಡಿಸ್ಕ್ ಚಿಂತೆ ಮಾಡಿ.

ನಮ್ಮ ಜಿಲ್ಲೆಯಲ್ಲಿ ಫೈಲ್ ಕೆಡುವುದಕ್ಕೆ ನಾನು ಅತಿ ಹೆಚ್ಚು ಕಂಡ ಕಾರಣ ಕರೆಂಟು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬರುತ್ತದೆ, ಕರೆಂಟು ಹೋಗುತ್ತದೆ. ಯುಪಿಎಸ್ ಇದೆ, ಆದರೆ ಬ್ಯಾಟರಿ ಹಾಕಿಸಿ ನಾಲ್ಕು ವರ್ಷ ಆಗಿರುತ್ತದೆ. ಹದಿನೈದು ಜನರ ಪ್ರೊಫೈಲ್ ತೆರೆದಿರುವಾಗಲೇ ಸರ್ವರ್ ಧಪ್ ಅಂತ ಆರುತ್ತದೆ. ಬರೆಯುತ್ತಿದ್ದ ರಿಜಿಸ್ಟ್ರಿ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ರಿಜಿಸ್ಟ್ರಿಯಲ್ಲಿ ಮದ್ದಿಲ್ಲ. ಬ್ಯಾಟರಿ ಬದಲಿಸಿ. ಯುಪಿಎಸ್‌ನಿಂದ ಸರ್ವರ್‌ಗೆ ಯುಎಸ್‌ಬಿ ವೈರ್ ಎಳೆದು, ಬ್ಯಾಟರಿ ಕಡಿಮೆ ಆದಾಗ ಸರ್ವರ್ ತಾನೇ ಶಟ್‌ಡೌನ್ ಆಗುವ ಹಾಗೆ ಮಾಡಿ. ಆ ವೈರ್ ಯುಪಿಎಸ್ ಡಬ್ಬದಲ್ಲೇ ಬಿಚ್ಚದೆ ಉಳಿದಿರುವುದನ್ನು ಎಷ್ಟೋ ಆಫೀಸುಗಳಲ್ಲಿ ನೋಡಿದ್ದೇನೆ.

ಒಬ್ಬರಲ್ಲ, ಎಲ್ಲರಿಗೂ ಒಂದೇ ದಿನ ಟೆಂಪ್ ಬರುತ್ತಿದೆ.

ಸಿ ಡ್ರೈವ್‌ನಲ್ಲಿ ಜಾಗ ಎಷ್ಟಿದೆ ನೋಡಿ. ಕೆಂಪು ಪಟ್ಟಿ ಕಂಡರೆ ಉತ್ತರ ಸಿಕ್ಕಿತು. ಬ್ರೌಸರ್ ಕ್ಯಾಶ್, ಡೌನ್‌ಲೋಡ್ಸ್, ಕೆಲಸ ಬಿಟ್ಟು ಹೋದವರ ಪ್ರೊಫೈಲ್, ಹಳೆಯ ಟೆಂಪ್ ಫೋಲ್ಡರ್‌ಗಳು ಸೇರಿ ಜಾಗ ತಿಂದಿರುತ್ತವೆ. ಡಿಸ್ಕ್ ಕೋಟಾ, ಅಂದರೆ ಒಬ್ಬೊಬ್ಬರಿಗೆ ಇಷ್ಟೇ ಜಾಗ ಅನ್ನುವ ಮಿತಿ, ಹಾಕಿದ್ದರೆ ಅದನ್ನೂ ನೋಡಿ.

ಹಳಬರಿಗೆ ತೊಂದರೆ ಇಲ್ಲ. ಹೊಸದಾಗಿ ಖಾತೆ ಮಾಡಿದವರು ಮಾತ್ರ ಒಳಗೆ ಬರಲು ಆಗುತ್ತಿಲ್ಲ.

ಆಗ ಅಚ್ಚು ಕೆಟ್ಟಿದೆ. ಹೊಸ ಪ್ರೊಫೈಲ್ ಹುಟ್ಟುವುದು ಯೂಸರ್ಸ್ ಒಳಗಿನ ‘ಡೀಫಾಲ್ಟ್’ ಫೋಲ್ಡರ್‌ನ ನಕಲಾಗಿ. ಅದು ಅಡಗಿಸಿಟ್ಟ ಫೋಲ್ಡರ್, ಹಾಗಾಗಿ ಯಾರೂ ಅದನ್ನು ಅನುಮಾನಿಸುವುದಿಲ್ಲ. ಅದರಲ್ಲಿನ ಯಾವುದೋ ಫೈಲ್ ಓದಲು ಸಾಮಾನ್ಯ ಬಳಕೆದಾರರಿಗೆ ಅನುಮತಿ ಇಲ್ಲದಿದ್ದರೆ ನಕಲು ನಿಲ್ಲುತ್ತದೆ. 1509ರಲ್ಲಿ ಆ ಫೈಲ್‌ನ ಹೆಸರೇ ಇರುತ್ತದೆ. ‘ಯೂಸರ್ಸ್’ ಗುಂಪಿಗೆ ಓದುವ ಅನುಮತಿ ಕೊಡಿ. ಒಳಗಿನ ಎನ್‌ಟಿಯೂಸರ್.ಡ್ಯಾಟ್ ಕೆಟ್ಟಿದ್ದರೆ ಅದೇ ಆವೃತ್ತಿಯ ಇನ್ನೊಂದು ಸರ್ವರ್‌ನಿಂದ ತಂದು ಹಾಕಿ. ಡೆಸ್ಕ್‌ಟಾಪ್ ಕಂಪ್ಯೂಟರ್‌ನಿಂದ ತರಬೇಡಿ. ಕಟ್ ಪೇಸ್ಟ್ ಕೂಡ ಬೇಡ, ಕಾಪಿ ಮಾಡಿ. ಒಂದೇ ಡ್ರೈವ್‌ನಲ್ಲಿ ಕಟ್ ಮಾಡಿ ಹಾಕಿದ ಫೈಲ್ ತನ್ನ ಹಳೆಯ ಅನುಮತಿಗಳನ್ನೇ ಹೊತ್ತುಕೊಂಡು ಬರುತ್ತದೆ.

ಯೂಸರ್ಸ್ ಒಳಗಿದ್ದ ಫೋಲ್ಡರನ್ನು ನೇರವಾಗಿ ಡಿಲೀಟ್ ಮಾಡಿಬಿಟ್ಟೆ. ಈಗ ಆ ವ್ಯಕ್ತಿಗೆ ಯಾವಾಗಲೂ ಟೆಂಪ್.

ಫೋಲ್ಡರ್ ಹೋಯಿತು, ಪ್ರೊಫೈಲ್ ಲಿಸ್ಟ್‌ನಲ್ಲಿನ ವಿಳಾಸ ಉಳಿಯಿತು. ಇಲ್ಲದ ಮನೆಯನ್ನು ಸರ್ವರ್ ಹುಡುಕುತ್ತಿದೆ. ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಆ ಎಸ್‌ಐಡಿ ಕೀ ಅಳಿಸಿ, ಲಾಗಿನ್ ಆದರೆ ಹೊಸ ಪ್ರೊಫೈಲ್ ಹುಟ್ಟುತ್ತದೆ. ಇನ್ನು ಮುಂದೆ ಅಳಿಸಬೇಕಾದರೆ ಸಿಸ್ಟಂ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಯೂಸರ್ ಪ್ರೊಫೈಲ್ಸ್‌ನ ಸೆಟ್ಟಿಂಗ್ಸ್ ದಾರಿಯಲ್ಲಿ ಅಳಿಸಿ. ಅದು ಎರಡೂ ಕಡೆ ಒಟ್ಟಿಗೆ ತೆಗೆಯುತ್ತದೆ.

ಹೊಸ ಪ್ರೊಫೈಲ್ ಮಾಡುವುದೇ ಸುಲಭ ಅಲ್ವಾ?

ಫೈಲ್ ನಿಜವಾಗಿ ಕೆಟ್ಟಿದ್ದು, ಬ್ಯಾಕಪ್ ಇಲ್ಲದಿದ್ದರೆ ಅದೇ ದಾರಿ. ಆದರೆ ಸುಲಭ ಅಂತ ಹೇಳಲಾರೆ. ಹಳೆಯ ಫೋಲ್ಡರ್‌ನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೇವರಿಟ್ಸ್ ತನ್ನಿ. ಮೇಲ್‌ಗಳಿರುವ ಔಟ್‌ಲುಕ್‌ನ ಪಿಎಸ್‌ಟಿ ಫೈಲ್ ಡಾಕ್ಯುಮೆಂಟ್ಸ್ ಒಳಗೆ ಇರಬಹುದು, ಹುಡುಕಿ. ಎನ್‌ಟಿಯೂಸರ್ ಅಂತ ಶುರುವಾಗುವ ಯಾವ ಫೈಲನ್ನೂ ತರಬೇಡಿ. ಸಾಫ್ಟ್‌ವೇರ್‌ಗಳು ತಮ್ಮ ಫೈಲ್ ಇಡುವ ಆ್ಯಪ್‌ಡೇಟಾ ಫೋಲ್ಡರನ್ನು ಪೂರ್ತಿ ಎತ್ತಿ ಹಾಕಬೇಡಿ, ರೋಗವೂ ಜೊತೆಗೆ ಬರುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಿಗೆ ಹಳೆಯ ಪ್ರೊಫೈಲ್‌ನ ಬೀಗ ಇರುತ್ತದೆ. ಫೋಲ್ಡರ್ ಕಾಪಿ ಮಾಡಿದ ಮಾತ್ರಕ್ಕೆ ಅವು ತೆರೆಯುವುದಿಲ್ಲ. ಆಡಿಟರ್ ಆಫೀಸಿನಲ್ಲಿ ಇದು ದೊಡ್ಡ ತಲೆನೋವು. 20ನೇ ತಾರೀಖಿನ ಜಿಎಸ್‌ಟಿ 3ಬಿ ಹೊತ್ತಿಗೆ ಹತ್ತಾರು ಕಕ್ಷಿದಾರರ ಪಾಸ್‌ವರ್ಡ್ ಇಲ್ಲ ಅಂದರೆ ಆ ಆಫೀಸಿನವರ ಪಾಡು ಕೇಳಬೇಡಿ. ಪಾಸ್‌ವರ್ಡ್‌ಗಳನ್ನು ಪ್ರೊಫೈಲ್‌ನ ಹೊರಗೆ, ಒಂದು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡಲು ಇವತ್ತೇ ಶುರು ಮಾಡಿ.

ಟ್ಯಾಲಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಂಪನಿ ಡೇಟಾ ಡಿ ಡ್ರೈವ್‌ನಲ್ಲೋ ಶೇರ್‌ನಲ್ಲೋ ಇದ್ದರೆ ಪ್ರೊಫೈಲ್ ಹೋದರೂ ಅದಕ್ಕೆ ಏನೂ ಆಗುವುದಿಲ್ಲ. ಡೇಟಾ ದಾರಿ ಯಾವುದು ಅಂತ ಟ್ಯಾಲಿಯಲ್ಲೇ ನೋಡಿ ಬರೆದಿಟ್ಟುಕೊಳ್ಳಿ.

ಹೊಸ ಪ್ರೊಫೈಲ್ ಆದ ಮೇಲೆ ನುಡಿಯಲ್ಲಿ ಮಾಡಿದ ಕನ್ನಡ ಪತ್ರಗಳೆಲ್ಲಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಫೈಲ್ ಕೆಟ್ಟಿತಾ?

ಇಲ್ಲ, ಫೈಲ್ ಚೆನ್ನಾಗಿದೆ. ಫಾಂಟ್ ಇಲ್ಲ, ಅಷ್ಟೇ. ಸರ್ವರ್ 2019ರಿಂದ ಈಚೆಗೆ, ಅಡ್ಮಿನ್ ಅಲ್ಲದ ಬಳಕೆದಾರರು ಫಾಂಟ್ ಹಾಕಿದರೆ ಅದು ಅವರ ಪ್ರೊಫೈಲ್‌ನ ಆ್ಯಪ್‌ಡೇಟಾ ಒಳಗೆ ಕೂರುತ್ತದೆ. ಪ್ರೊಫೈಲ್ ಬದಲಾದರೆ ಫಾಂಟೂ ಹೋಯಿತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂತಿರುತ್ತದೆ, ಅದಕ್ಕೇ ಹಾಗೆ ಕಾಣುವುದು. ಅಡ್ಮಿನ್ ಖಾತೆಯಿಂದ ಫಾಂಟ್ ಫೈಲ್ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ. ಯಾರ ಪ್ರೊಫೈಲ್ ಬದಲಾದರೂ ಇನ್ನು ಈ ತೊಂದರೆ ಬರುವುದಿಲ್ಲ. ಒಬ್ಬ ಗುಮಾಸ್ತರು ಇದೇ ಕಾರಣಕ್ಕೆ ಮೂರು ವರ್ಷದ ಪತ್ರಗಳು ಹಾಳಾದವು ಅಂತ ಡಿಲೀಟ್ ಮಾಡಲು ಹೊರಟಿದ್ದರು. ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

‘ಗ್ರೂಪ್ ಪಾಲಿಸಿ ಕ್ಲೈಂಟ್ ಸರ್ವಿಸ್ ಫೇಲ್ಡ್, ಆಕ್ಸೆಸ್ ಈಸ್ ಡಿನೈಡ್’ ಅಂತ ಬರುತ್ತದೆ.

ಹೆಸರು ಬೇರೆ, ಮನೆ ಅದೇ. ಬಹಳ ಸಲ ಎನ್‌ಟಿಯೂಸರ್.ಡ್ಯಾಟ್ ಒಳಗಿನ ಅನುಮತಿ ತಪ್ಪಿರುತ್ತದೆ. ಬೇರೆ ಯಾರದ್ದೋ ಪ್ರೊಫೈಲ್ ಫೋಲ್ಡರ್ ಕಾಪಿ ಮಾಡಿ ಹೊಸಬರಿಗೆ ಕೊಟ್ಟಾಗ ಹೀಗಾಗುತ್ತದೆ. ಮೇಲೆ ಹೇಳಿದ ಹಾಗೆ ಹೈವ್ ಲೋಡ್ ಮಾಡಿ, ಸರಿಯಾದ ಬಳಕೆದಾರರಿಗೆ ಫುಲ್ ಕಂಟ್ರೋಲ್ ಕೊಟ್ಟು, ಅನ್‌ಲೋಡ್ ಮಾಡಿ.

ರೋಮಿಂಗ್ ಪ್ರೊಫೈಲ್ ಇದೆ. ಸರ್ವರ್ ಹೊಸದು ಮಾಡಿದ ಮೇಲೆ ಎಲ್ಲರ ಸೆಟ್ಟಿಂಗೂ ಹೋಯಿತು.

ಹೋಗಿಲ್ಲ. ಪ್ರತಿ ಪೀಳಿಗೆಯ ವಿಂಡೋಸ್ ತನ್ನದೇ ಬಾಲ ಇರುವ ಫೋಲ್ಡರ್ ಹುಡುಕುತ್ತದೆ. 2008 ಮತ್ತು 2008 ಆರ್2ಕ್ಕೆ .ವಿ2, 2012ಕ್ಕೆ .ವಿ3, 2012 ಆರ್2ಕ್ಕೆ .ವಿ4 (ಇವೆರಡರಲ್ಲಿ ಅದಕ್ಕೆ ಬೇಕಾದ ಅಪ್‌ಡೇಟ್ ಮತ್ತು ರಿಜಿಸ್ಟ್ರಿ ಮೌಲ್ಯ ಹಾಕಿರದಿದ್ದರೆ .ವಿ2), 2016 ಮತ್ತು ಆಮೇಲಿನವಕ್ಕೆ .ವಿ6. 2012 ಆರ್2ನಿಂದ 2019ಕ್ಕೆ ಬಂದರೆ ಹಳೆಯದು .ವಿ4ನಲ್ಲೋ .ವಿ2ನಲ್ಲೋ ಹಾಗೇ ಇದೆ, ಹೊಸದು ಖಾಲಿ .ವಿ6 ಆಗಿ ಹುಟ್ಟಿದೆ. ಹಳೆಯದರ ಹೆಸರು ಬದಲಿಸಿ ವಿ6 ಮಾಡುವ ಆಸೆ ಬೇಡ, ಒಳಗಿನ ರಚನೆ ಬೇರೆ. ಫೈಲ್‌ಗಳನ್ನು ಮಾತ್ರ ತಂದುಕೊಳ್ಳಿ. ಫೋಲ್ಡರ್ ಒಳಗೆ ನೋಡಬೇಕು ಅಂತ ಅಡ್ಮಿನ್ ಹೆಸರಿಗೆ ಮಾಲೀಕತ್ವ ತೆಗೆದುಕೊಳ್ಳಲೂ ಬೇಡಿ. ಲಾಗಿನ್ ಆಗುವಾಗ ಫೋಲ್ಡರ್ ಯಾರದ್ದು ಅಂತ ವಿಂಡೋಸ್ ನೋಡುತ್ತದೆ. ಬೇರೆಯವರದ್ದಾಗಿದ್ದರೆ ಅದನ್ನು ಬಿಟ್ಟುಬಿಡುತ್ತದೆ.

ಯೂಸರ್ ಪ್ರೊಫೈಲ್ ಡಿಸ್ಕ್ ಬಳಸುತ್ತೇವೆ. ಕೆಲವೊಮ್ಮೆ ಮಾತ್ರ ಟೆಂಪ್ ಬರುತ್ತದೆ.

ಇಲ್ಲಿ ಪ್ರತಿಯೊಬ್ಬರ ಪ್ರೊಫೈಲ್ ಒಂದೊಂದು ವಿಎಚ್‌ಡಿಎಕ್ಸ್ ಫೈಲ್ (ಇಡೀ ಡಿಸ್ಕನ್ನೇ ಒಂದು ಫೈಲ್ ಮಾಡಿದ ಹಾಗೆ) ಆಗಿ ಶೇರ್‌ನಲ್ಲಿರುತ್ತದೆ. ಹೆಸರು ಯುವಿಎಚ್‌ಡಿ ಅಂತ ಶುರುವಾಗಿ ಮುಂದೆ ಎಸ್‌ಐಡಿ ಇರುತ್ತದೆ. ಒಂದು ಸರ್ವರ್ ಅದನ್ನು ಹಿಡಿದಿರುವಾಗ ಇನ್ನೊಂದಕ್ಕೆ ಸಿಗುವುದಿಲ್ಲ. ನಿನ್ನೆಯ ಸೆಷನ್ ಸರಿಯಾಗಿ ಮುಗಿಯದೆ ಡಿಸ್ಕ್ ಸಿಕ್ಕಿಕೊಂಡಿರುವುದು ಸಾಮಾನ್ಯ ಕಾರಣ. ಶೇರ್ ಇರುವ ಸರ್ವರ್‌ನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್, ಶೇರ್ಡ್ ಫೋಲ್ಡರ್ಸ್, ಓಪನ್ ಫೈಲ್ಸ್ ನೋಡಿ ಯಾರು ಹಿಡಿದಿದ್ದಾರೆ ಪತ್ತೆ ಮಾಡಿ. ಬಳಕೆದಾರರ ಸೆಷನ್ ಎಲ್ಲೂ ಇಲ್ಲ ಅಂತ ಖಾತ್ರಿ ಆದ ಮೇಲೆ ಮಾತ್ರ ಬಿಡಿಸಿ. ಬ್ಯಾಕಪ್ ಮತ್ತು ಆಂಟಿವೈರಸ್ ಕೂಡ ಇದನ್ನು ಹಿಡಿಯುತ್ತವೆ. ಆಂಟಿವೈರಸ್ ತೆಗೆದುಹಾಕಬೇಡಿ. ವಿಎಚ್‌ಡಿಎಕ್ಸ್ ಫೈಲ್‌ಗಳನ್ನು ತಪಾಸಣೆಯಿಂದ ಬಿಡಿಸಿ, ಪೂರ್ತಿ ಸ್ಕ್ಯಾನನ್ನು ಬೆಳಗಿನ ಲಾಗಿನ್ ಹೊತ್ತಿಗೆ ಇಡದೆ ರಾತ್ರಿಗೆ ಹಾಕಿ.

ಲಾಗಿನ್ ಆಗುತ್ತದೆ, ಆದರೆ ಎರಡು ಮೂರು ನಿಮಿಷ ಕಪ್ಪು ಪರದೆ.

ರಿಮೋಟ್ ಡೆಸ್ಕ್‌ಟಾಪ್ ಸರ್ವರ್ 2016 ಅಥವಾ 2019 ಆಗಿದ್ದು, ಪ್ರೊಫೈಲ್ ಡಿಸ್ಕ್ ಬಳಸುತ್ತಿದ್ದರೆ ಫೈರ್‌ವಾಲ್ ನಿಯಮಗಳ ಪಟ್ಟಿ ತೆರೆಯಿರಿ. ಪ್ರತಿ ಲಾಗಿನ್‌ಗೂ ಹೊಸ ನಿಯಮಗಳು ಸೇರುತ್ತಾ ಸಾವಿರಾರು ಆಗಿರಬಹುದು. ರಿಜಿಸ್ಟ್ರಿಯ ಫೈರ್‌ವಾಲ್ ಪಾಲಿಸಿ ಕೀಯಲ್ಲಿ ‘ಡಿಲೀಟ್ ಯೂಸರ್ ಆ್ಯಪ್ ಕಂಟೇನರ್ಸ್ ಆನ್ ಲಾಗ್‌ಆಫ್’ ಅನ್ನುವ ಮೌಲ್ಯ 1 ಮಾಡಿದರೆ ಇನ್ನು ಸೇರುವುದು ನಿಲ್ಲುತ್ತದೆ. ಆಗಲೇ ಸೇರಿರುವ ಕಸ ಪ್ರತ್ಯೇಕವಾಗಿ ತೆಗೆಯಬೇಕು.

ಟೆಂಪ್ ಬರದ ಹಾಗೆಯೇ ಮಾಡಲು ಆಗುವುದಿಲ್ಲವಾ?

ಆಗುತ್ತದೆ. ಡೇಟಾ ಎಂಟ್ರಿ ಮಾಡುವ ಜನ ಇರುವ ಪ್ರತಿ ಆಫೀಸಿನಲ್ಲೂ ನಾನು ಇದನ್ನು ಹಾಕುತ್ತೇನೆ. ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಂ, ಯೂಸರ್ ಪ್ರೊಫೈಲ್ಸ್. ಅಲ್ಲಿ ‘ಡು ನಾಟ್ ಲಾಗ್ ಯೂಸರ್ಸ್ ಆನ್ ವಿತ್ ಟೆಂಪರರಿ ಪ್ರೊಫೈಲ್ಸ್’ ಅನ್ನುವುದನ್ನು ಎನೇಬಲ್ ಮಾಡಿ. ಪ್ರೊಫೈಲ್ ತೆರೆಯದಿದ್ದರೆ ಸರ್ವರ್ ಅವರನ್ನು ಒಳಗೇ ಬಿಡುವುದಿಲ್ಲ. "ಲಾಗಿನ್ ಆಗ್ತಿಲ್ಲ ಸಾರ್" ಅಂತ ಬೈದುಕೊಂಡು ಫೋನ್ ಮಾಡುತ್ತಾರೆ, ಮಾಡಲಿ. ಆ ತಿಪಟೂರಿನ ಮಂಡಿಯಲ್ಲಿ ಇದನ್ನು ಮೊದಲೇ ಹಾಕಿದ್ದರೆ ಆ ಹೆಣ್ಣುಮಗಳು ಅವತ್ತು ರಾತ್ರಿ ಎಂಟರವರೆಗೆ ಕೂರಬೇಕಾಗಿರಲಿಲ್ಲ.

ಇದನ್ನು ಹಾಕುವ ಮುಂಚೆ ಎರಡನೇ ಅಡ್ಮಿನ್ ಖಾತೆ ಮಾಡಿ, ಒಮ್ಮೆ ಲಾಗಿನ್ ಆಗಿ ನೋಡಿ. ಇರುವ ಒಂದೇ ಅಡ್ಮಿನ್ ಪ್ರೊಫೈಲ್ ಕೆಟ್ಟರೆ ನೀವೇ ಹೊರಗೆ ಉಳಿಯುತ್ತೀರಿ.

ಅಡ್ಮಿನ್ ಖಾತೆಯೇ ಒಳಗೆ ಬಿಡುತ್ತಿಲ್ಲ. ಬೇರೆ ಅಡ್ಮಿನ್ ಇಲ್ಲ.

ಅದೇ ನೆಟ್‌ವರ್ಕ್‌ನ ಇನ್ನೊಂದು ಕಂಪ್ಯೂಟರ್‌ನಲ್ಲಿ, ಈ ಸರ್ವರ್‌ನ ಅಡ್ಮಿನ್ ಹಕ್ಕಿರುವ ಖಾತೆಯಿಂದ ರಿಜಿಸ್ಟ್ರಿ ಎಡಿಟರ್ ತೆರೆದು, ಫೈಲ್ ಮೆನುವಿನಲ್ಲಿ ‘ಕನೆಕ್ಟ್ ನೆಟ್‌ವರ್ಕ್ ರಿಜಿಸ್ಟ್ರಿ’ ಕೊಡಿ. ಪ್ರೊಫೈಲ್ ತೆರೆಯದಿದ್ದರೂ ಪಾಸ್‌ವರ್ಡ್ ಸರಿಯೇ ಇರುತ್ತದೆ, ಹಾಗಾಗಿ ದೂರದಿಂದ ಪ್ರೊಫೈಲ್ ಲಿಸ್ಟ್ ಸಿಗುತ್ತದೆ. ರಿಮೋಟ್ ರಿಜಿಸ್ಟ್ರಿ ಸರ್ವಿಸ್ ನಡೆಯುತ್ತಿರಬೇಕು, ಫೈರ್‌ವಾಲ್ ಅಡ್ಡ ಬರಬಾರದು. ಸೇಫ್ ಮೋಡ್ ಇನ್ನೊಂದು ದಾರಿ. ಅದೇ ಸರ್ವರ್ ಡೊಮೇನ್ ಕಂಟ್ರೋಲರ್ (ಡೊಮೇನ್‌ನ ಖಾತೆಗಳನ್ನು ಇಟ್ಟುಕೊಂಡಿರುವ ಸರ್ವರ್) ಕೂಡ ಆಗಿದ್ದರೆ ಡೈರೆಕ್ಟರಿ ಸರ್ವಿಸಸ್ ರಿಸ್ಟೋರ್ ಮೋಡ್‌ನ ಪಾಸ್‌ವರ್ಡ್ ಬೇಕಾಗಬಹುದು. ಸರ್ವರ್ ಹಾಕಿದ ದಿನ ಅದನ್ನು ಕೇಳಿ ಬರೆದಿಟ್ಟುಕೊಂಡಿದ್ದೀರಾ ನೋಡಿ.

‘ಟ್ರಸ್ಟ್ ರಿಲೇಷನ್‌ಶಿಪ್ ಫೇಲ್ಡ್’ ಅಂತ ಬರುತ್ತದೆ. ಇದೂ ಪ್ರೊಫೈಲಾ?

ಅಲ್ಲ. ಅದು ಕಂಪ್ಯೂಟರ್‌ಗೂ ಡೊಮೇನ್‌ಗೂ ನಡುವಿನ ತೊಂದರೆ. ಲೈಸೆನ್ಸ್ ಅಥವಾ ಎಷ್ಟು ಜನ ಸೇರಬಹುದು ಅನ್ನುವ ಸಂದೇಶಗಳೂ ಬೇರೆ. ಅವುಗಳಿಗೆ ಪ್ರೊಫೈಲ್ ಲಿಸ್ಟ್ ಮುಟ್ಟಬೇಡಿ.

ನಮ್ಮದು ಇನ್ನೂ 2012 ಆರ್2. ರಿಪೇರಿ ಮಾಡುತ್ತಾ ಹೋಗಬಹುದಾ?

ಪ್ರೊಫೈಲ್ ರಿಪೇರಿ ಅದರಲ್ಲೂ ಇದೇ ರೀತಿ. ಆದರೆ ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ವಿಸ್ತೃತ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. 2016ರದ್ದು 2027ರ ಜನವರಿ 12ಕ್ಕೆ ಮುಗಿಯುತ್ತದೆ. ಸರ್ವರ್ ಬದಲಿಸುವಾಗ ಮಾರ್ಚ್ ಕೊನೆ, ಜುಲೈ ಕೊನೆ, ಹರಾಜಿನ ದಿನ ಬಿಟ್ಟು ಒಂದು ಭಾನುವಾರ ಇಟ್ಟುಕೊಳ್ಳಿ. ಹಳೆಯ ಯೂಸರ್ಸ್ ಫೋಲ್ಡರನ್ನು ಕನಿಷ್ಠ ಮೂರು ತಿಂಗಳು ಒಂದು ಡಿಸ್ಕ್‌ನಲ್ಲಿ ಹಾಗೇ ಇಟ್ಟಿರಿ. ಎರಡನೇ ತಿಂಗಳಲ್ಲಿ ಯಾರಾದರೂ ಬಂದು "ನನ್ನ ಡೆಸ್ಕ್‌ಟಾಪ್ ಮೇಲೆ ಒಂದು ಫೈಲ್ ಇತ್ತು" ಅಂತ ಕೇಳೇ ಕೇಳುತ್ತಾರೆ.